ನಾಲ್ಕನೆಯ ಗಾಜು

ಗಾಜು ಒಡೆಯಬಾರದು ಎಂಬ ಒಂದೇ ಕಾರಣಕ್ಕೆ ಜೋಪಾನಯ್ಯ ಆ ಭಾನುವಾರ ಬೆಳಿಗ್ಗೆ ಸುತ್ತಿಗೆ ಕೈಗೆತ್ತಿಕೊಂಡ.

ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದಿಂಬು ಹೊತ್ತುಕೊಂಡು ಹೋಗುವವರಿಗೂ ‘ಜೋಪಾನ, ಜೋಪಾನ’ ಎನ್ನುತ್ತಿದ್ದುದರಿಂದ ಬೀದಿಯವರು ಅವನನ್ನು ಹಾಗೆಯೇ ಕರೆಯುತ್ತಿದ್ದರು. ಕಚೇರಿಯಲ್ಲಿ ಅವನು ಹಳೆಯ ಕಡತಗಳನ್ನು ನೋಡಿಕೊಳ್ಳುತ್ತಿದ್ದ. ಕಡತಗಳು ಬೀಳುವುದಿಲ್ಲ, ಒಡೆಯುವುದಿಲ್ಲ, ಮೆಟ್ಟಿಲಿಳಿಯುವುದಿಲ್ಲ. ಅವನಿಗೆ ಹೇಳಿ ಮಾಡಿಸಿದ ಕೆಲಸ.

ಮಹಡಿಯ ಮೇಲಿನ ಅವನ ಬಾಡಿಗೆ ಮನೆಗೆ ಒಂದು ಬಾಲ್ಕನಿ, ಬಾಲ್ಕನಿಗೆ ಒಂದು ಬಾಗಿಲು, ಬಾಗಿಲಿಗೆ ಮೇಲೆರಡು ಕೆಳಗೆರಡು, ಹೀಗೆ ನಾಲ್ಕು ಗಾಜು. ಗಾಳಿ ಬೀಸಿದಾಗಲೆಲ್ಲ ಬಾಗಿಲು ಹೋಗಿ ಗೋಡೆಗೆ ಬಡಿಯುತ್ತಿತ್ತು. ಅದು ಬಡಿಯುವ ಜಾಗದಲ್ಲಿ ಗೋಡೆಗೆ ಒಂದು ರಬ್ಬರ್ ತುಂಡು ಹೊಡೆದುಬಿಟ್ಟರೆ ಗಾಜು ಕ್ಷೇಮ ಎಂದು ಅವನ ಲೆಕ್ಕ. ಮೊದಲ ಏಟು ಮೊಳೆಗೆ ಬಿತ್ತು. ಎರಡನೆಯ ಏಟೂ ಮೊಳೆಗೇ ಬಿತ್ತು. ಮೂರನೆಯದಕ್ಕೆ ಕೈ ಎತ್ತಿದಾಗ ಸುತ್ತಿಗೆಯ ತಲೆ ಹಿಡಿಯನ್ನು ಬಿಟ್ಟು ಹಿಂದಕ್ಕೆ ಹಾರಿ, ಕೆಳಗಿನ ಸಾಲಿನ ಎಡಗಡೆಯ ಗಾಜನ್ನು ಹೊಕ್ಕು ಬಾಲ್ಕನಿಗೆ ಬಿತ್ತು. ಗಾಜು ‘ಚಟ್’ ಎಂದು ನಾಲ್ಕು ಹೋಳಾಯಿತು.

ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲನ್ನೂ ಗಂಡನ ಕೈಯಲ್ಲಿ ಉಳಿದಿದ್ದ ಹಿಡಿಯನ್ನೂ ನೋಡಿದಳು.

“ಗಾಜು ಒಡೆದ ಸದ್ದೇ ಬರಲಿಲ್ಲವಲ್ರೀ?”

“ಎದೆ ಒಡೆದ ಸದ್ದಲ್ಲಿ ಅದೆಲ್ಲಿ ಕೇಳುತ್ತೆ! ಹತ್ತಿರ ಬರಬೇಡ, ಜೋಪಾನ!”

ಅವನು ದೂರದಿಂದಲೇ ಪೊರಕೆಯಲ್ಲಿ ಹೋಳುಗಳನ್ನು ಒಂದು ಗೋಣಿಚೀಲಕ್ಕೆ ತಳ್ಳಿ, ಬಾಯಿಗೆ ಮೂರು ಗಂಟು ಹಾಕಿ, ‘ಅಪಾಯ! ಗಾಜು!’ ಎಂದು ಕಾಗದದಲ್ಲಿ ಬರೆದು ಅಂಟಿಸಿದ. ಯಾರೂ ಅದನ್ನು ಮುಟ್ಟಲಿಲ್ಲ. ಅವನೂ ಮುಟ್ಟಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಸಿದು ಕುಳಿತ.

ಬೇರೆ ಯಾವ ದಿನ ಒಡೆದಿದ್ದರೂ ನಡೆಯುತ್ತಿತ್ತು. ಆ ದಿನ ಸಂಜೆ ನಾಲ್ಕೂವರೆಗೆ ಮನೆಯ ಒಡತಿ ಬೇರೆ ಊರಿನಿಂದ ಬಸ್ಸಿನಲ್ಲಿ ಬರುವವರಿದ್ದರು. ಮನೆಯನ್ನು ಒಂದು ಸುತ್ತು ನೋಡಿ, ಒಪ್ಪಿಗೆಯಾದರೆ ಮುಂದಿನ ವರ್ಷದ ಕರಾರಿಗೆ ಸಹಿ ಹಾಕಿ, ಐದೂವರೆಯ ಬಸ್ಸಿಗೆ ವಾಪಸು. ಒಪ್ಪಿಗೆಯಾಗದಿದ್ದರೆ ಆ ಮನೆಗೆ ಕಾದು ನಿಂತವರು ಬೇರೆ ಇದ್ದರು. ಜೋಪಾನಯ್ಯನಿಗೆ ಎರಡು ವರ್ಷದಲ್ಲಿ ಇದು ಮೂರನೆಯ ಮನೆ. ಮೆಟ್ಟಿಲು ಜಾರುತ್ತದೆ ಎಂದು ಮಾಲೀಕರಿಗೆ ಹನ್ನೊಂದು ಪತ್ರ ಬರೆದು ಮೊದಲನೆಯದನ್ನು ಕಳೆದುಕೊಂಡಿದ್ದ. ಮೇಲಿನವರು ಹಾಲು ಸೀಯಿಸಿದ ವಾಸನೆಗೆ ಅಗ್ನಿಶಾಮಕದವರನ್ನು ಕರೆಸಿ ಎರಡನೆಯದನ್ನು ಕಳೆದುಕೊಂಡಿದ್ದ. ಇಲ್ಲಿಗೆ ಬಂದ ದಿನವೇ ಹೆಂಡತಿ ಹೇಳಿದ್ದಳು: “ಇನ್ನೊಂದು ಸಲ ಸಾಮಾನು ಕಟ್ಟೋದು ಬಂದ್ರೆ, ಪಾತ್ರೆಗಳ ಜೊತೆ ನಾನು ಅಮ್ಮನ ಮನೆಗೆ. ಪುಸ್ತಕಗಳ ಜೊತೆ ನೀವು ಎಲ್ಲಿಗಾದ್ರೂ.” ಅವಳು ನಗುತ್ತಲೇ ಹೇಳಿದ್ದಳು. ಆದರೆ ಪಾತ್ರೆಗಳು ಬಂದ ಪೆಟ್ಟಿಗೆಯನ್ನು ಇನ್ನೂ ಎಸೆದಿರಲಿಲ್ಲ.

ಎದುರು ಮನೆಯ ಟೈಲರಕ್ಕ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ಕೆಳಗಿನ ಮನೆಯಿಂದ ನಕ್ಷೆ ಮೇಷ್ಟ್ರು ಹತ್ತಿ ಬಂದರು. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು. ಈಗ ಬರೆಯಲು ಕಟ್ಟಡ ಇಲ್ಲದ್ದರಿಂದ ಬೇರೆಯವರ ಮನೆಯ ರಿಪೇರಿಯನ್ನೆಲ್ಲ ತಮ್ಮದೇ ಎಂದುಕೊಂಡಿದ್ದರು.

“ಗಾಜಿನಂಗಡಿ ಭಾನುವಾರ ತೆಗೆಯೋದೇ ಮೂರು ಗಂಟೆಗೆ,” ಎಂದಳು ಟೈಲರಕ್ಕ.

“ಗಾಜು ಯಾಕ್ರೀ ಬೇಕು?” ಎಂದರು ಮೇಷ್ಟ್ರು. “ಪ್ಲಾಸ್ಟಿಕ್ ಶೀಟ್ ಹಾಕಿ. ಕನ್ನಡಿ ಹಾಗಿರುತ್ತೆ. ಗಾಜಿನ ಅಪ್ಪ ಬಂದ್ರೂ ಗೊತ್ತಾಗಲ್ಲ. ಬನ್ನಿ, ಅಳತೆ ಹಿಡೀತೀನಿ.”

ಮೂರು ಗಂಟೆಯವರೆಗೆ ಕೈಕಟ್ಟಿ ಕೂರುವ ಪೈಕಿ ಜೋಪಾನಯ್ಯ ಅಲ್ಲ. ಒಪ್ಪಿದ.

ಮೇಷ್ಟ್ರ ಉಕ್ಕಿನ ಟೇಪಿಗೆ ಒಂದು ಚರಿತ್ರೆಯಿತ್ತು. ಅದರ ಮೊದಲ ಹತ್ತು ಸೆಂಟಿಮೀಟರು ಎಂದೋ ಮುರಿದುಹೋಗಿ ಟೇಪು ಹತ್ತರಿಂದಲೇ ಶುರುವಾಗುತ್ತಿತ್ತು. “ಹತ್ತು ಕಳೀಬೇಕು ಅಷ್ಟೆ. ಟೇಪು ಎಸೆಯೋದು ಸುಲಭ, ಕಳೆಯೋದು ಕಲಿಯೋದು ಕಷ್ಟ,” ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಚೌಕಟ್ಟಿಗೆ ಟೇಪು ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ, “ಅಗಲ ನಲವತ್ತು, ಎತ್ತರ ಅರವತ್ತು, ಬರ್ಕೊಳ್ಳಿ,” ಎಂದರು.

ಜೋಪಾನಯ್ಯ ಬರೆದುಕೊಂಡ. ದಾರಿಯಲ್ಲಿ ಅವನಿಗೆ ಫಕ್ಕನೆ ಟೇಪಿನ ಚರಿತ್ರೆ ನೆನಪಾಯಿತು. ಒಳ್ಳೆಯ ಕಾಲಕ್ಕೆ ಹೊಳೆಯಿತಲ್ಲ ಎಂದು ರಸ್ತೆಯ ಪಕ್ಕಕ್ಕೆ ಸರಿದು ನಿಂತು, ಎರಡರಲ್ಲೂ ಹತ್ತು ಹತ್ತು ಕಳೆದು, ಮೂವತ್ತು, ಐವತ್ತು ಎಂದು ತಿದ್ದಿ, ತಪ್ಪಾಗದಿರಲಿ ಎಂದು ಅಡಿಗೆರೆಯನ್ನೂ ಎಳೆದ.

ಶೀಟಿನ ಅಂಗಡಿಯವನು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುವ ಆತುರದಲ್ಲಿದ್ದ.

“ಯಾವುದು ಕೊಡ್ಲಿ? ಪಾಲಿಕಾರ್ಬೊನೇಟಾ, ಅಕ್ರಿಲಿಕ್ಕಾ?”

“ಯಾವುದು ಒಡೆಯಲ್ಲ?”

ಅಂಗಡಿಯವನು ಒಂದು ತುಂಡನ್ನು ನೆಲಕ್ಕಿಟ್ಟು ಸುತ್ತಿಗೆಯಲ್ಲಿ ಬಾರಿಸಿದ. ಆ ದಿನ ಸುತ್ತಿಗೆ ಕಂಡರೆ ಆಗದ ಜೋಪಾನಯ್ಯ ಎರಡು ಹೆಜ್ಜೆ ಹಿಂದೆ ಸರಿದ. ತುಂಡಿಗೆ ಏನೂ ಆಗಲಿಲ್ಲ. “ಇದು ಪಾಲಿಕಾರ್ಬೊನೇಟು. ಆನೆ ತುಳಿದ್ರೂ ಒಡೆಯಲ್ಲ. ಆದ್ರೆ ಬಟ್ಟೆ ಒರಟಾಗಿದ್ರೂ ಗೀರು ಬೀಳುತ್ತೆ. ಅಕ್ರಿಲಿಕ್ ನೋಡಿ, ನೀರಿನ ಹಾಗೆ. ಗಾಜಿಗಿಂತ ತಿಳಿ. ಕೊಯ್ಯೋವಾಗ ಮಾತ್ರ ನಿಗಾ ಬೇಕು, ಮೂಲೆ ಹಾರಿಬಿಡುತ್ತೆ. ಎಷ್ಟು ದಪ್ಪ ಬೇಕು? ಎರಡು ಮಿಲಿ ತಗೊಂಡ್ರೆ ಗಾಳಿಗೆ ಬಡ್ಕೊಳ್ಳುತ್ತೆ. ನಾಲ್ಕು ತಗೊಳ್ಳಿ.”

ಜೋಪಾನಯ್ಯ ಎರಡು ಬದಿಗೂ ಕಾಗದ ಅಂಟಿಸಿದ್ದ ನಾಲ್ಕು ಮಿಲಿ ಅಕ್ರಿಲಿಕ್ಕನ್ನು ಮೂವತ್ತಕ್ಕೆ ಐವತ್ತು ಕೊಯ್ಯಿಸಿಕೊಂಡ. ಯಂತ್ರ ಎರಡು ನಿಮಿಷದಲ್ಲಿ ಬೆಣ್ಣೆಯ ಹಾಗೆ ಕೊಯ್ದುಕೊಟ್ಟಿತು.

ಮನೆಗೆ ತಂದು ಚೌಕಟ್ಟಿನಲ್ಲಿಟ್ಟರೆ, ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಸುತ್ತಲೂ ಖಾಲಿ.

“ನಲವತ್ತು ಅಂದಿದ್ನಲ್ರೀ!” ಎಂದರು ಮೇಷ್ಟ್ರು.

“ಹತ್ತು ಕಳೆದೆ, ಮೇಷ್ಟ್ರೇ.”

“ನಾನು ಕಳೆದೇ ಹೇಳಿದ್ದು!”

“ನೀವು ಕಳೆದದ್ದು ನನಗೆ ಹೇಳಬೇಕಿತ್ತು!”

“ನನ್ನ ಟೇಪು, ನಾನೇ ಕಳೀತೀನಿ. ಊರೋರೆಲ್ಲ ಯಾಕೆ ಕಳೀತೀರಿ?” ಎಂದು ಮೇಷ್ಟ್ರು ಆ ಚಿಕ್ಕ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ನಿಮಗೆ ಬೇಡ ತಾನೇ? ಬೆಕ್ಕು ದಿನಾ ಬಂದು ನಮ್ಮ ಮೀನಿನ ತೊಟ್ಟಿಗೆ ಕೈ ಅದ್ದುತ್ತೆ. ಮುಚ್ಚೋಕೆ ಒಂದು ಬೇಕಿತ್ತು. ಆದ್ರೆ ಚಿಕ್ಕದಾಯ್ತು, ಛೆ.” ವಾಪಸು ಕೊಟ್ಟರು.

ಎರಡನೆಯ ಸಲ ಹೋದಾಗ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಯಂತ್ರ ಸುಮ್ಮನೆ ನಿಂತಿತ್ತು. ಅಂಗಡಿಯವನು ಎರಡು ತುಂಡಿಗೆ ಆಗುವಷ್ಟು ಶೀಟನ್ನೂ ಕೊಕ್ಕಿನಂಥ ಬಾಯಿಯ ಒಂದು ಕಟರನ್ನೂ ಕೊಟ್ಟು, ಕೈಯಲ್ಲಿ ಕೊಯ್ಯುವುದನ್ನು ಹೇಳಿಕೊಟ್ಟ. ಕಾಗದ ಕೀಳಬಾರದು. ಗೆರೆ ಎಳೆದು, ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಒಂದೇ ಗೆರೆಯ ಮೇಲೆ ಹತ್ತು ಸಲ ಕಟರ್ ಎಳೆಯಬೇಕು. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿಟ್ಟು ಒಂದೇ ಸಲಕ್ಕೆ ಒತ್ತಬೇಕು. “ಅನುಮಾನಿಸಿ ಒತ್ತಿದ್ರೆ ಕೆಡುತ್ತೆ,” ಎಂದ. ಅನುಮಾನಿಸದೆ ಒಂದು ಲೋಟ ನೀರನ್ನೂ ಕುಡಿಯದ ಜೋಪಾನಯ್ಯ ಅದನ್ನೂ ಬರೆದುಕೊಂಡ.

ಊಟದ ಮೇಜಿನ ಮೇಲೆ ಶೀಟು ಮಲಗಿತು. ಸುತ್ತ ನಾಲ್ವರು ನಿಂತರು. ಟೈಲರಕ್ಕ ಸೀಮೆಸುಣ್ಣ ಕೈಗೆತ್ತಿಕೊಂಡಳು.

“ಎರಡು ಬೆರಳು ಜಾಸ್ತಿ ಬಿಡಿ ಅಣ್ಣ. ಹೊಲಿಗೆಗೆ ಬೇಕಾಗುತ್ತೆ.”

“ಇದಕ್ಕೆ ಹೊಲಿಗೆ ಎಲ್ಲಿಂದ ಬಂತಕ್ಕ?” ಎಂದಳು ಹೆಂಡತಿ.

“ಮಾತಿಗೆ ಅಂದೆ. ಬಿಗಿಯಾದ್ರೆ ಬಿಚ್ಚೋಕಾಗಲ್ಲ, ಜಾಸ್ತಿ ಇದ್ರೆ ಕತ್ತರಿಸಬಹುದು. ಇಪ್ಪತ್ತು ವರ್ಷದಿಂದ ಹೊಲೀತಿದ್ದೀನಿ, ನನಗೆ ಗೊತ್ತಿಲ್ವಾ?”

ಒಮ್ಮೆ ಚಿಕ್ಕದು ಕೊಯ್ಯಿಸಿ ಕೈ ಸುಟ್ಟುಕೊಂಡಿದ್ದ ಜೋಪಾನಯ್ಯನಿಗೆ ಆ ಮಾತು ಹಿಡಿಸಿತು. ಎರಡು ಬೆರಳು ಬಿಟ್ಟೇ ಕೊಯ್ದ. ಆಶ್ಚರ್ಯವೆಂದರೆ ಚೆನ್ನಾಗಿಯೇ ಬಂತು. ಚೌಕಟ್ಟಿಗೆ ಹಿಡಿದರೆ ಎರಡು ಬೆರಳು ಜಾಸ್ತಿ. ಆ ಎರಡು ಬೆರಳು ತೆಗೆಯಲು ಮತ್ತೆ ಗೀರು ಹಾಕಿ ಮೇಜಿನ ಅಂಚಿಗಿಟ್ಟ.

“ಒತ್ತಿ,” ಎಂದರು ಮೇಷ್ಟ್ರು.

“ತಡೀರಿ, ಕತ್ತಿ ಕಾಯಿಸಿ ಇಟ್ರೆ ಸಲೀಸು,” ಎಂದಳು ಟೈಲರಕ್ಕ.

“ಒತ್ರೀ!”

“ಬೇಡ ಅಣ್ಣ!”

ಜೋಪಾನಯ್ಯ ಅರ್ಧ ಒತ್ತಿದ, ಅರ್ಧ ತಡೆದ. ಸಣ್ಣ ಪಟ್ಟಿ ಬರುವ ಬದಲು ಶೀಟಿನ ಮೂಲೆ, ಯಾರೋ ಕಚ್ಚಿದ ಬಿಸ್ಕತ್ತಿನ ಹಾಗೆ, ಎದ್ದುಬಂತು.

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಶೀಟಿನ ಅಂಗಡಿಗೆ ಬಾಗಿಲು ಬಿದ್ದಿತ್ತು. ಉಳಿದಿದ್ದು ಒಂದೇ ತುಂಡಿಗೆ ಆಗುವಷ್ಟು ಶೀಟು.

ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. “ಎಲ್ಲರೂ ಆಚೆ ಹೋಗಿ. ಮೇಷ್ಟ್ರೇ, ಟೇಪು ನಿಮ್ಮ ಜೇಬಲ್ಲೇ ಇರಲಿ. ಟೈಲರಕ್ಕ, ನಿಮ್ಮದು ಕೊಡಿ. ರೀ, ನೀವು ಬಾಲ್ಕನೀಲಿ ನಿಂತ್ಕೊಳ್ಳಿ, ನನ್ನ ಕಡೆ ತಿರುಗಬೇಡಿ.”

ಒಳಗಿನಿಂದ ಸರ್ ಸರ್ ಎಂದು ಹತ್ತು ಸಲ ಕೇಳಿಸಿತು. ಆಮೇಲೆ ಒಂದು ಶುಭ್ರವಾದ ‘ಟಕ್’. ಮತ್ತೆ ಹತ್ತು ಸಲ, ಮತ್ತೆ ‘ಟಕ್’. ಜೋಪಾನಯ್ಯ ತಿರುಗಿ ನೋಡುವಷ್ಟರಲ್ಲಿ ಅವಳು ಅಂಚಿಗೆ ಉಜ್ಜುಕಾಗದ ಹಾಕುತ್ತಿದ್ದಳು. ಚೌಕಟ್ಟಿನಲ್ಲಿ ಇಟ್ಟರೆ ಅಲ್ಲೇ ಹುಟ್ಟಿದ ಹಾಗೆ ಕೂತಿತು. ಗಾಜನ್ನು ಹಿಡಿದಿಡುವ ಮರದ ಪಟ್ಟಿಗಳನ್ನು ಮೊದಲಿನ ಜಾಗಕ್ಕೆ ಹೊಡೆದು ಎರಡೂ ಬದಿಯ ಕಾಗದ ಸುಲಿದಾಗ ಶೀಟು ಇದೆಯೋ ಇಲ್ಲವೋ ತಿಳಿಯದಷ್ಟು ತಿಳಿ. ಕೆಳಗಿನ ತೋಟ ನೋಡಲು ಬಗ್ಗಿದ ಮೇಷ್ಟ್ರ ಹಣೆ ಅದಕ್ಕೆ ತಾಗಿತು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ.

“ಪಕ್ಕದ ಮೂರಕ್ಕಿಂತ ಇದೇ ಹೊಳೀತಿದೆ,” ಎಂದಳು ಹೆಂಡತಿ. “ಅವುಗಳ ಮೇಲೆ ಎಷ್ಟೊಂದು ಗೀರು.”

“ಹಳೇ ಗಾಜು. ವಯಸ್ಸಾದ ಮೇಲೆ ಎಲ್ಲ ಹಾಗೇ,” ಎಂದು ಜೋಪಾನಯ್ಯ, ಬೆಳಗಿನಿಂದ ಮೊದಲ ಬಾರಿಗೆ, ಕಾಲು ಚಾಚಿ ಕುಳಿತ. ಗಂಟೆ ಎರಡೂ ಮುಕ್ಕಾಲು. ಕತೆ ಅಲ್ಲಿಗೆ ಮುಗಿಯಬಹುದಿತ್ತು.

ಟೈಲರಕ್ಕ ಹೊರಟವಳು ಬಾಗಿಲಲ್ಲಿ ನಿಂತಳು.

“ಎಲ್ಲ ಸರಿ. ಆದ್ರೆ ಓನರಮ್ಮ ತಟ್ತಾರಲ್ಲ?”

“ಏನು ತಟ್ತಾರೆ?”

“ಬೀಗದಕೈ ಗೊಂಚಲು. ಬಂದೋರೇ ಗಾಜಿಗೆಲ್ಲ ಒಂದೊಂದು ಸಲ ತಟ್ಟಿ ಕಿವಿಗೊಟ್ಟು ಕೇಳ್ತಾರೆ. ನಮ್ಮ ಮನೇನೂ ಅವರದೇ ಅಲ್ವಾ, ಹೋದ ವರ್ಷ ನಮ್ಮ ಕಿಟಕಿಗೆ ತಟ್ಟಿದ್ರು. ಟಣ್ ಅಂತು. ತಲೆ ಆಡಿಸಿ ಮುಂದೆ ಹೋದ್ರು. ನಿಮಗಿಂತ ಮುಂಚೆ ಇಲ್ಲಿದ್ದೋರು ಇದೇ ಬಾಗಿಲಿಗೆ ಏನೋ ಬದಲಾಯಿಸಿದ್ರಂತೆ. ಅಮ್ಮ ತಟ್ಟಿದ್ರು, ಸದ್ದು ಕೇಳಿದ್ರು, ಮುಖ ಗಂಟು ಹಾಕ್ಕೊಂಡು ಕರಾರು ಪತ್ರ ಬ್ಯಾಗಿಗೆ ವಾಪಸು ಹಾಕಿದ್ರು. ತಿಂಗಳೊಳಗೆ ಅವರು ಖಾಲಿ.”

ಜೋಪಾನಯ್ಯ ಕಾಲು ಮಡಚಿದ. ಎದ್ದುಹೋಗಿ ತನ್ನ ಬೀಗದಕೈಯಿಂದ ಹೊಸ ಶೀಟಿಗೆ ತಟ್ಟಿದ.

‘ಟಪ್.’

ಇನ್ನೊಮ್ಮೆ, ಸ್ವಲ್ಪ ಪ್ರೀತಿಯಿಂದ ತಟ್ಟಿದ. ‘ಟಪ್.’ ಟೊಳ್ಳು ಡಬ್ಬಿಯ ಮೇಲೆ ಬೆರಳು ಬಡಿದ ಹಾಗೆ.

“ಆಯ್ತು,” ಎಂದ. “ಪಾತ್ರೆ ಪೆಟ್ಟಿಗೆ ಎಲ್ಲಿದೆ?”

“ಸುಮ್ನಿರಿ. ಪಕ್ಕದ್ದಕ್ಕೂ ಒಂದು ಸಲ ತಟ್ಟಿ ನೋಡೋಣ, ಅದು ಹೇಗೆ ಅನ್ನುತ್ತೆ ಅಂತ,” ಎಂದು ಹೆಂಡತಿ ಕೈ ಚಾಚಿದಳು.

ಜೋಪಾನಯ್ಯ ಎರಡು ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತ. “ಮುಟ್ಟಬೇಡ! ಒಂದು ಹೋಗಿರೋದು ಸಾಲದಾ? ಹಳೇ ಗಾಜು, ಬೀಗದಕೈ ತಗುಲಿ ಬಿರುಕು ಬಿಟ್ರೆ? ಇರೋ ಮೂರನ್ನಾದ್ರೂ ಜೋಪಾನ ಮಾಡೋಣ.”

“ಒಂದೇ ಒಂದು ಸಲ, ಉಗುರಲ್ಲಿ.”

“ಉಗುರಲ್ಲೂ ಬೇಡ!”

ಅವಳು ಅವನನ್ನೂ ಆ ಮೂರು ಗೀರುಬಿದ್ದ ಗಾಜುಗಳನ್ನೂ ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದ.

ಗಾಜಿನಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಅದರ ಮುಂದೆ ನಿಂತಿದ್ದ. ನಲವತ್ತಕ್ಕೆ ಅರವತ್ತು ಎಂದು ಮೂರು ಸಲ ಹೇಳಿದ, ಏನನ್ನೂ ಕಳೆಯಲಿಲ್ಲ. ಕೊಯ್ದ ಗಾಜನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ನಿದ್ದೆಹೋದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು, ಎದುರಿಗೆ ಸಿಕ್ಕ ನಾಯಿಗೂ ‘ಜೋಪಾನ’ ಎನ್ನುತ್ತ ಮನೆ ತಲುಪಿದಾಗ ಮೂರೂ ಐವತ್ತು. ಹೆಂಡತಿ ಕೊಯ್ದಿದ್ದ ಶೀಟನ್ನು ಬಿಚ್ಚಿ ಗಾಜು ಕೂರಿಸುವಷ್ಟರಲ್ಲಿ ನಾಲ್ಕೂ ಇಪ್ಪತ್ತು. ಬೀಗದಕೈ ತಟ್ಟಿದ.

‘ಟಣ್!’

ಅವನ ಕಣ್ಣಲ್ಲಿ ನೀರು ಬಂತು.

“ಇದು ಇನ್ನು ನಿಮಗೆ ಬೇಡ ತಾನೇ?” ಬಿಚ್ಚಿಟ್ಟಿದ್ದ ಶೀಟನ್ನು ಮೇಷ್ಟ್ರು ಆಗಲೇ ಕಂಕುಳಲ್ಲಿ ಸಿಕ್ಕಿಸಿಕೊಂಡಾಗಿತ್ತು.

“ಇಟ್ಕೊಳ್ಳೋಣ ರೀ,” ಎಂದಳು ಹೆಂಡತಿ. “ಒಂದು ಗಂಟೆ ಕೂತು ಕೊಯ್ದಿದ್ದೀನಿ.”

“ಅಮ್ಮ ಬಂದಾಗ ಇದು ಮನೇಲಿ ಕಾಣಬಾರದು! ಇದನ್ನ ಯಾಕೆ ತಂದ್ರಿ ಅಂತ ಕೇಳಿದ್ರೆ? ತಗೊಂಡು ಹೋಗಿ ಮೇಷ್ಟ್ರೇ, ಬೇಗ ಇಳೀರಿ. ಜೋಪಾನ.”

ಒಡತಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅರವತ್ತು ದಾಟಿದ, ನೀಟಾಗಿ ಸೀರೆಯುಟ್ಟ, ಕಡಿಮೆ ಮಾತಿನ ಹೆಂಗಸು. ಕೈಯಲ್ಲಿ ಬೀಗದಕೈ ಗೊಂಚಲು, ಬಗಲಲ್ಲಿ ಕರಾರು ಪತ್ರವಿದ್ದ ಬ್ಯಾಗು. ಅಡುಗೆಮನೆ ನೋಡಿ “ಚೊಕ್ಕಟವಾಗಿದೆ” ಎಂದರು. ಬಚ್ಚಲು ನೋಡಿ ತಲೆಯಾಡಿಸಿದರು. ಪತ್ರ ಹೊರತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳವನ್ನೂ ತೆಗೆದರು. ಜೋಪಾನಯ್ಯ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಪೆನ್ನನ್ನು ಅಲ್ಲೇ ಬಿಟ್ಟು ಬಾಲ್ಕನಿಯ ಬಾಗಿಲಿಗೆ ನಡೆದರು.

ಮೇಲಿನ ಎಡಗಡೆಯ ಗಾಜಿಗೆ ತಟ್ಟಿದರು.

‘ಟಪ್.’

ಜೋಪಾನಯ್ಯ ಹೆಂಡತಿಯ ಕಡೆ ನೋಡಿದ. ಹೆಂಡತಿ ಚಾವಣಿಯ ಕಡೆ ನೋಡಿದಳು.

ಮೇಲಿನ ಬಲಗಡೆಯದು: ‘ಟಪ್.’ ಕೆಳಗಿನ ಬಲಗಡೆಯದು: ‘ಟಪ್.’ ಒಡತಿ ಪ್ರತಿ ಸಲವೂ ಸಮಾಧಾನದಿಂದ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಬಗ್ಗಿದರು.

‘ಟಣ್!’

ಅಷ್ಟು ಶುದ್ಧವಾಗಿ, ಅಷ್ಟು ದೂರ ಕೇಳುವ ಹಾಗೆ ಯಾವ ಗಾಜೂ ಹಿಂದೆಂದೂ ಸದ್ದು ಮಾಡಿರಲಾರದು.

“ಇದಕ್ಕೆ ಗಾಜು ಹಾಕಿದವರು ಯಾರು?”

“ನಾನೇ ಅಮ್ಮ... ಬೆಳಿಗ್ಗೆ ಗಾಜು ಒಡೀತು. ಅದಕ್ಕೆ ಗಾಜೇ...”

“ಇಲ್ಲಿ ಗಾಜು ಎಲ್ಲಿತ್ತು?” ಒಡತಿ ಗೋಣಿಚೀಲದ ಮೇಲಿನ ಕಾಗದ ಓದಿ, ಮೂರು ಗಂಟು ಬಿಚ್ಚಿ ಒಳಗೆ ಕೈ ಹಾಕಿದರು. “ಜೋಪಾನ ಅಮ್ಮ!” ಎಂದು ಜೋಪಾನಯ್ಯ ಕೂಗುವುದರೊಳಗೆ ಒಂದು ಹೋಳನ್ನು ಬರಿಗೈಯಲ್ಲಿ ತೆಗೆದು ಅವನ ಅಂಗೈ ಮೇಲೆ ಇಟ್ಟರು. ಹಗುರಾಗಿತ್ತು. ಅವನು ಬೆಳಗಿನಿಂದ ಎರಡು ಸಲ ಹೊತ್ತು ತಂದ ವಸ್ತುವೇ.

“ನಾನು ಈ ಮನೇಲಿದ್ದಾಗ ನನ್ನ ಮೊಮ್ಮಗಳು ಓಡಿಬಂದು ಈ ಬಾಗಿಲಿನ ಗಾಜಿನೊಳಗೆ ಕೈ ತೂರಿಸಿದಳು,” ಎಂದರು ಒಡತಿ. ಅವರ ದನಿ ಏರಲಿಲ್ಲ. “ಹನ್ನೊಂದು ಹೊಲಿಗೆ. ಅವತ್ತೇ ನಾಲ್ಕನ್ನೂ ತೆಗೆಸಿ ಅಕ್ರಿಲಿಕ್ ಹಾಕಿಸಿದೆ. ಕಿಟಕಿಗಳಿಗೆ ಕಂಬಿ ಇದೆ, ಅವು ಹೇಗಾದರೂ ಇರಲಿ. ಈ ಬಾಗಿಲಿಗೆ ಗಾಜು ಕೂಡದು. ನಿಮಗಿಂತ ಮುಂಚೆ ಇದ್ದವರೂ ಚೆಂದ ಕಾಣಲಿ ಅಂತ ಗಾಜು ಹಾಕಿದ್ದರು, ಅದನ್ನು ತೆಗೆಸಿ ಹಳೆಯದನ್ನೇ ಹಾಕಿಸಿದೆ.” ಪೆನ್ನಿಗೆ ಮುಚ್ಚಳ ಬಿತ್ತು. “ನೀವು ತುಂಬಾ ಜೋಪಾನದ ಮನುಷ್ಯ ಅಂತ ಕೇಳಿದ್ದೆ.”

ಹೆಂಡತಿಯೇ ಮುಂದೆ ಬಂದಳು. “ಅಮ್ಮ, ಅಕ್ರಿಲಿಕ್ಕೇ ಹಾಕಿದ್ವಿ. ನಾನೇ ಕೊಯ್ದು ಕೂರಿಸಿದ್ದೆ, ಗಂಟೆಯ ಹಿಂದಿನವರೆಗೂ ಇತ್ತು. ಸದ್ದು ಸರಿ ಬರಲ್ಲ ಅಂತ ಇವರು...”

“ಇದೆಯಾ ಅದು? ಇದ್ದರೆ ತನ್ನಿ. ನನ್ನ ಕಣ್ಣೆದುರಿಗೆ ಕೂರಿಸಿ, ಈಗಲೇ ಸಹಿ ಹಾಕುತ್ತೇನೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ.”

“ಇದೆ ಅಮ್ಮ! ಕೆಳಗೇ ಇದೆ!”

ಎರಡು ವರ್ಷದಲ್ಲಿ ಮೂರು ಮನೆಯ ಮೆಟ್ಟಿಲುಗಳನ್ನು ಗೋಡೆ ಹಿಡಿದೇ ಇಳಿದಿದ್ದ ಜೋಪಾನಯ್ಯ ಅಂದು ಎರಡೆರಡು ಮೆಟ್ಟಿಲು ಹಾರಿ ಇಳಿದ. ಅರ್ಧ ದಾರಿಯಲ್ಲಿ ಅವನಿಗೆ ಆ ಸದ್ದು ಕೇಳಿಸಿತು. ಕರ್ರ್... ಕರ್ರ್... ಕರ್ರ್... ಆಮೇಲೆ ಏನೋ ನೆಲಕ್ಕೆ ಬಿದ್ದ ಸದ್ದು. ‘ಟಪ್.’

ಮೇಷ್ಟ್ರು ಗರಗಸ ಕೆಳಗಿಟ್ಟು, ಬೆವರೊರೆಸಿಕೊಂಡು, ಬಾಗಿಲಲ್ಲಿ ನಿಂತವನನ್ನು ನೋಡಿ ನಕ್ಕರು. ಮೀನಿನ ತೊಟ್ಟಿಯ ಪಕ್ಕ ಶೀಟು ಎರಡು ತುಂಡಾಗಿ ಮಲಗಿತ್ತು.

“ಬನ್ನಿ ಬನ್ನಿ. ನೋಡಿ, ಹೇಗೆ ಬಂದಿದೆ! ಈ ಸಲ ಚೂರೂ ತಪ್ಪಿಲ್ಲ ಕಣ್ರೀ. ಹತ್ತು ಕಳೆದೇ ಕೊಯ್ದಿದ್ದೀನಿ.”